ಮುಚ್ಚಿದ ಕಚೇರಿಯ ಮುಂದೆ ಏಳು ಶನಿವಾರ

ಹೋದ ವಾರ ಬಲಗಡೆಯ ದವಡೆ ಹಲ್ಲು ಶುರುವಿಟ್ಟುಕೊಂಡಿತು. ಡೆಂಟಿಸ್ಟ್ ಹತ್ತಿರ ಫೋನ್ ಮಾಡಿದರೆ ಅಲ್ಲಿನ ಹುಡುಗಿ ಬಲು ನಯವಾಗಿ, ಒಂಬತ್ತು ವಾರದ ಮೇಲೆ ಒಂದು ಜಾಗ ಖಾಲಿ ಇದೆ, ಬರೆದುಕೊಳ್ಳಲಾ ಅಂದಳು. ಅಷ್ಟು ಹೊತ್ತಿಗೆ ಹಲ್ಲೇ ತಾನಾಗಿ ಉದುರಿರುತ್ತೆ ತಾಯಿ ಅಂತ ಮನಸ್ಸಲ್ಲೇ ಅಂದುಕೊಂಡು, ಥ್ಯಾಂಕ್ಯೂ ಹೇಳಿ ಫೋನಿಟ್ಟು, ಮಸಾಲೆ ಡಬ್ಬಿಯಿಂದ ಎರಡು ಲವಂಗ ತೆಗೆದು ಕಚ್ಚಿಕೊಂಡು ಕೂತೆ. ಇಪ್ಪತ್ತೊಂದು ವರ್ಷದಿಂದ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡಿಕೊಂಡಿದ್ದೇನೆ, ನನ್ನ ಹಲ್ಲಿಗೆ ಮಾತ್ರ ಅಜ್ಜಿ ಕಾಲದ ಔಷಧಿಯೇ ಗತಿ.

ಲವಂಗದ ವಾಸನೆ ಬೇರೆಯವರಿಗೆ ಪಲಾವ್ ನೆನಪಿಸುತ್ತೇನೋ. ನನಗೆ ಎರಡು ವರ್ಷದ ಹಿಂದಿನ ಒಂದು ಚಳಿಗಾಲ ನೆನಪಾಗುತ್ತೆ. ಕೆನಾಲ್ ಪಕ್ಕದ ಸರ್ಕಾರಿ ಕಟ್ಟಡ, ಅದರ ಮುಚ್ಚಿದ ಗಾಜಿನ ಬಾಗಿಲು, ಬಾಗಿಲ ಮುಂದೆ ಚಳಿಗೆ ಕಾಲು ಬದಲಾಯಿಸುತ್ತ ನಿಂತ ಹತ್ತು ಹನ್ನೆರಡು ಯಹೂದಿಗಳು, ಅವರ ಮಧ್ಯೆ ಚಹಾದ ಥರ್ಮಾಸ್ ಹಿಡಿದುಕೊಂಡ ಮೈಸೂರಿನ ನಾನು. ಹಲ್ಲುನೋವು ಎರಡು ದಿನಕ್ಕೆ ಇಳಿಯಿತು, ಇದು ಇಳಿಯಲಿಲ್ಲ. ಬರೆದಾದರೂ ಹಾಕೋಣ ಅಂತ ಕೂತಿದ್ದೇನೆ.

ನಸೀಮಾ ನಮ್ಮ ಮನೆಗೆ ಬಂದದ್ದು ಆ ಚಳಿಗಾಲದ ಹಿಂದಿನ ಬೇಸಿಗೆಯಲ್ಲಿ. ಮಗ ಅನಿಕೇತ್ ಓದೋಕೆ ಲೀಡ್ಸ್‌ಗೆ ಹೋಗಿ, ಹೆಡಿಂಗ್ಲೀಯಲ್ಲಿ ನಾಲ್ಕು ಹುಡುಗರ ಜೊತೆ ಮನೆ ಮಾಡಿಕೊಂಡಿದ್ದ. ಹಾರ್ಬೋರ್ನಿನ ನಮ್ಮ ಮನೆಯಲ್ಲಿ ಅವನ ರೂಮು ಖಾಲಿ ಬಿದ್ದಿತ್ತು. ನಮ್ಮ ಯಜಮಾನರು ಶ್ರೀಧರ, ಸೊಲಿಹಲ್ ಕಡೆ ಕಾರು ಫ್ಯಾಕ್ಟರಿಯಲ್ಲಿ ಎಂಜಿನಿಯರು. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಟ್ರಾಫಿಕ್ಕಿಗೆ ಬೈದುಕೊಂಡು ಬರುವವರು. ಮನೆಯಲ್ಲಿ ಮಾತಿಗೊಬ್ಬರು ಇರಲಿ ಅಂತ ನಾನೇ ರೂಮು ಬಾಡಿಗೆಗೆ ಇದೆ ಅಂತ ನಮ್ಮ ಕನ್ನಡದವರ ಗ್ರೂಪಿಗೆ ಹಾಕಿದೆ. ಮಾರನೇ ದಿನವೇ ಎರಡು ಸೂಟ್‌ಕೇಸು, ಒಂದು ರೊಟ್ಟಿ ಹಂಚು ಹಿಡಿದುಕೊಂಡು ಬಂದಳು.

ವಿಜಯಪುರದವಳು. ಇಪ್ಪತ್ತೊಂಬತ್ತು ವರ್ಷ. ಪಬ್ಲಿಕ್ ಹೆಲ್ತ್‌ನಲ್ಲಿ ಎಂಎಸ್ಸಿ ಮುಗಿಸಿ, ಅದಕ್ಕೆ ತಕ್ಕ ಕೆಲಸ ಸಿಗದೆ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಂಪನಿಯ ವೀಸಾದಲ್ಲಿ ಮನೆಮನೆಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಸೇರಿದ್ದಳು. ದಿನಕ್ಕೆ ಹನ್ನೊಂದು ಮನೆ. ಸಂಜೆ ಬಂದು ಸೋಫಾ ಮೇಲೆ ಹಾಗೇ ಉರುಳಿಕೊಂಡರೂ, ಭಾನುವಾರ ಮಾತ್ರ ನನ್ನ ಅಡುಗೆಕಟ್ಟೆಯ ಮೇಲೆ ಪಟಪಟ ಅಂತ ಜೋಳದ ರೊಟ್ಟಿ ಬಡಿಯೋಳು. ನನ್ನನ್ನು ಪದ್ಮಕ್ಕ ಅನ್ನೋಳು. ನನ್ನ ತಂಗಿ ಕೂಡ ನನ್ನನ್ನು ಅಷ್ಟು ಪ್ರೀತಿಯಿಂದ ಕರೆದವಳಲ್ಲ, ಇದ್ದದ್ದು ಹೇಳಬೇಕು.

ಸೆಪ್ಟೆಂಬರಿನಲ್ಲಿ, ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಆ ಕಂಪನಿಯ ಲೈಸೆನ್ಸ್ ಹೋಯಿತು. ಕಂಪನಿಯವರು ಮಾಡಿದ ಗೋಲ್‌ಮಾಲಿಗೆ ಶಿಕ್ಷೆ ಕೆಲಸದವರಿಗೆ. ಅರವತ್ತು ದಿನದಲ್ಲಿ ಬೇರೆ ಕೆಲಸ ಕೊಡುವವರನ್ನು ಹುಡುಕಿಕೊ, ಇಲ್ಲವಾದರೆ ದೇಶ ಬಿಡು ಅಂತ ಕಾಗದ ಬಂತು. ಆ ಹುಡುಗಿ ಹತ್ತದ ಮೆಟ್ಟಿಲಿಲ್ಲ. ಕೊನೆಗೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ವೃದ್ಧಾಶ್ರಮದವರು ಒಪ್ಪಿಕೊಂಡರು. ಆದರೆ ವೀಸಾಗೆ ಬೇಕಾದ ಅವರ ಸರ್ಟಿಫಿಕೇಟು ಹೆಡ್ ಆಫೀಸಿನಿಂದ ಬರಬೇಕು, ಜನವರಿ ಕೊನೆ ಆಗುತ್ತೆ ಅಂದರು. ಅರವತ್ತು ದಿನ ನವೆಂಬರಿಗೇ ಮುಗಿಯಿತು. ವಕೀಲರು, ಸರ್ಟಿಫಿಕೇಟ್ ಬಂದ ದಿನವೇ ಅರ್ಜಿ ಹಾಕೋಣ, ತಡವಾದದ್ದಕ್ಕೆ ಕಾರಣ ಕೊಡೋಣ, ದಾರಿ ಇದೆ ಅಂದರು. ಅಂದರೆ ಅವಳಿಗೆ ಬೇಕಾಗಿದ್ದದ್ದು ಎರಡು ತಿಂಗಳು, ಅಷ್ಟೇ. ಆ ಎರಡು ತಿಂಗಳು ಹೇಗಾದರೂ ಈ ನೆಲದ ಮೇಲೆ ಇದ್ದರೆ ಸಾಕಿತ್ತು.

ಅಷ್ಟರಲ್ಲಿ ಇನ್ನೊಂದು ಕಾಗದ ಬಂತು. ಹದಿನೈದು ದಿನಕ್ಕೊಂದು ಸಲ ಕೆನಾಲ್ ಪಕ್ಕದ ಆ ವಲಸೆ ಇಲಾಖೆ ಕಚೇರಿಗೆ ಬಂದು ಸಹಿ ಹಾಕಬೇಕು, ಗುರುತಿಗೆ ಏನಾದರೂ ತರಬೇಕು.

ಇಲ್ಲಿ ನನ್ನ ವಿಷಯ ಹೇಳಲೇಬೇಕು. ನಾನು ಫೈಲಿನ ಮನುಷ್ಯಳು. ಮೈಸೂರಿನಿಂದ ಹೊರಟಾಗ ನಮ್ಮಪ್ಪ ಕಟ್ಟಿಕೊಟ್ಟ ಫೈಲಿನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಎಲ್ಲದರ ಒರಿಜಿನಲ್ಲು, ಜೊತೆಗೆ ಗೆಜೆಟೆಡ್ ಆಫೀಸರ್ ಸಹಿ ಹಾಕಿದ ಮೂರು ಮೂರು ಜೆರಾಕ್ಸು. ನಾವು ಅಂಥ ಜನ. ಕೇಳಲಿ ಬಿಡಲಿ, ಒರಿಜಿನಲ್ ಕೈಯಲ್ಲಿರಬೇಕು. ಕೌಂಟರಿನ ಮುಂದೆ ನಿಂತು ಇಲ್ಲ ಸಾರ್, ತಂದಿಲ್ಲ ಸಾರ್ ಅನ್ನುವ ಪರಿಸ್ಥಿತಿ ವೈರಿಗೂ ಬೇಡ. ಎಲ್ಲ ಕಾಗದ ಸರಿ ಇಟ್ಟುಕೊಂಡು, ತಲೆ ಬಾಚಿಕೊಂಡು, ಮರ್ಯಾದೆಯಾಗಿ ಮಾತಾಡಿದರೆ ಯಾವ ಸರ್ಕಾರವೂ ಏನೂ ಮಾಡಲ್ಲ ಅಂತ ನಾನು ದೇವರನ್ನು ನಂಬುವುದಕ್ಕಿಂತ ಗಟ್ಟಿಯಾಗಿ ನಂಬಿದ್ದೆ.

ಮೊದಲ ಸಹಿಯ ಹಿಂದಿನ ದಿನ ಸಂಜೆ ಡೈನಿಂಗ್ ಟೇಬಲ್ಲಿನ ಮೇಲೆ ಅವಳ ಕಾಗದಗಳನ್ನೆಲ್ಲ ಹರಡಿಕೊಂಡು ಫೈಲು ಜೋಡಿಸಿದೆ. ಪಾಸ್‌ಪೋರ್ಟ್ ಎಲ್ಲಿ ಅಂತ ಕೇಳಿದೆ.

"ಅದ್ಯಾಕ್ರಿ ಪದ್ಮಕ್ಕ? ಕಾಗದದಾಗ ಪಾಸ್‌ಪೋರ್ಟ್ ಸುದ್ದಿನ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಒಯ್ತೀನಿ, ಸಾಕು," ಅಂದಳು.

"ಬರೆದಿಲ್ಲ ಅಂತ ಬಿಟ್ಟು ಹೋಗ್ತಾರೇನೇ? ಅಲ್ಲಿ ಕೇಳಿದರೆ ಏನ್ ಮಾಡ್ತೀಯ? ಇರಲಿ, ಇಟ್ಟುಕೋ."

"ಇಲ್ರಿ, ನನಗ್ಯಾಕೋ…"

"ನಿನಗ್ಯಾಕೋ ಇಲ್ಲ, ಗೀಕೋ ಇಲ್ಲ. ತಾ ಇಲ್ಲಿ."

ತಂದುಕೊಟ್ಟಳು. ನಾನೇ ನನ್ನ ಕೈಯಾರೆ ಫೈಲಿನ ಮೊದಲ ಪ್ಲಾಸ್ಟಿಕ್ ಕವರಿಗೆ, ತೆರೆದ ಕೂಡಲೇ ಕಾಣುವ ಹಾಗೆ ಹಾಕಿದೆ.

ಬೆಳಿಗ್ಗೆ ನಾನೇ ಕಾರಿನಲ್ಲಿ ಬಿಟ್ಟೆ. ಅರ್ಧ ಗಂಟೆ ಅಂದಿದ್ದರು. ಪಾರ್ಕಿಂಗಿಗೆ ಎರಡು ಸಲ ದುಡ್ಡು ಹಾಕಿದೆ. ಎರಡೂವರೆ ಗಂಟೆ ಆದಮೇಲೆ ಮೆಸೇಜು ಬಂತು: ಅಕ್ಕ, ಹಿಡ್ಕೊಂಡ್ರು. ಫೋನ್ ಕಸ್ಕೋತಾರಂತ. ಅವ್ವಗ ಹೇಳಬ್ಯಾಡ್ರಿ.

ವಕೀಲರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ ಪ್ರಶ್ನೆಯೇ, ಪಾಸ್‌ಪೋರ್ಟ್ ಅವಳ ಹತ್ತಿರ ಇತ್ತಾ ಅಂತ. ಇತ್ತು ಅಂದೆ. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದರು. ಪಾಸ್‌ಪೋರ್ಟ್ ಇಲ್ಲದವರನ್ನು ವಾಪಸ್ ಕಳಿಸಬೇಕಾದರೆ ಹೈಕಮಿಷನ್ನಿಗೆ ಬರೆದು, ಬೇರೆ ಕಾಗದ ಮಾಡಿಸಿ, ತಿಂಗಳುಗಟ್ಟಲೆ ಆಗುತ್ತೆ. ಅಷ್ಟರಲ್ಲಿ ಸರ್ಟಿಫಿಕೇಟು ಬಂದುಬಿಡುತ್ತಿತ್ತು. ಪಾಸ್‌ಪೋರ್ಟ್ ಕೈಗೆ ಸಿಕ್ಕರೆ ಟಿಕೆಟ್ ಮಾಡಿಸಿದರೆ ಮುಗಿಯಿತು. ಅದನ್ನು ಅವಳು ಯಾಕೆ ತಂದಳೋ ಅಂದರು. ನಾನು, ಗೊತ್ತಿಲ್ಲ ಅಂದೆ.

ಹಾಗಂದೆ. ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತೆ ಅಂತ ಐವತ್ತೆರಡು ವರ್ಷ ನನಗೆ ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ನನ್ನ ಜೊತೆ ಹದಿನೈದು ವರ್ಷ ಕೆಲಸ ಮಾಡಿದವಳು ರೂತ್. ರಿಟೈರ್ ಆದಮೇಲೂ ವಾರಕ್ಕೆರಡು ದಿನ ಬಂದು ಹೋಗುತ್ತಾಳೆ. ಯಹೂದಿ ಅಂತ ಗೊತ್ತಿತ್ತು. ಹಬ್ಬಕ್ಕೆ ರಜ ಕೇಳುವಾಗ ಡ್ಯೂಟಿ ಪಟ್ಟಿಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಒದಗುತ್ತಿದ್ದೆವು, ನನ್ನ ದೀಪಾವಳಿಗೆ ಅವಳು, ಅವಳ ಉಪವಾಸದ ದಿನಕ್ಕೆ ನಾನು. ಆ ವಾರ ನನ್ನ ಮುಖ ನೋಡಿ, "ಏನಾಯ್ತು ಬ್ಯಾಬ್?" ಅಂದಳು. ಬರ್ಮಿಂಗ್‌ಹ್ಯಾಮಿನವರು ಪ್ರೀತಿ ಬಂದರೆ ಮುದುಕಿಯರನ್ನೂ ಹಾಗೇ ಕರೆಯುವುದು. ಹೇಳಿದೆ, ಪಾಸ್‌ಪೋರ್ಟಿನ ವಿಷಯ ಬಿಟ್ಟು.

"ಶನಿವಾರ ಸಂಜೆ ನಾಲ್ಕೂಮುಕ್ಕಾಲಿಗೆ ಬಾ. ಅದೇ ಕಟ್ಟಡದ ಮುಂದೆ. ನಮ್ಮ ಸಿನಗಾಗ್‌ನವರು ಈ ಚಳಿಗಾಲ ಪೂರ್ತಿ, ಹಿಡಿದಿಟ್ಟವರಿಗೋಸ್ಕರ ಅಲ್ಲಿ ಪ್ರಾರ್ಥನೆ ಮಾಡ್ತಿದ್ದೀವಿ. ದಪ್ಪ ಸಾಕ್ಸ್ ಹಾಕ್ಕೊಂಡು ಬಾ," ಅಂದಳು.

ಶನಿವಾರ ಕಚೇರಿಗೆ ರಜ. ಮುಚ್ಚಿದ ಬಾಗಿಲಿಗೆ ಪ್ರಾರ್ಥನೆ ಮಾಡಿ ಯಾರಿಗೆ ಕೇಳಿಸಬೇಕು ಅಂತ ನನಗೆ ಒಳಗೊಳಗೇ ಸಿಟ್ಟು. ಇದನ್ನೇ ಸೋಮವಾರ ಬೆಳಿಗ್ಗೆ ಮಾಡಬಾರದಾ, ಅಧಿಕಾರಿಗಳು ಒಳಗೆ ಹೋಗುವ ಹೊತ್ತಿಗೆ? ಆದರೂ ಹೋದೆ. ಮನೆಯಲ್ಲಿ ಕೂತು ಏನು ಮಾಡಲಿ? ಶ್ರೀಧರ ಹೊರಡುವಾಗ ಬಾಗಿಲ ತನಕ ಬಂದು, "ಫೋಟೋ ಗೀಟೋ ತೆಗೆಸ್ಕೋಬೇಡ. ನಮ್ಮದು ಸಿಟಿಜನ್‌ಶಿಪ್ ಆಗಿದೆ ನಿಜ, ಆದರೂ," ಅಂದರು. ಆದರೂ ಏನು ಅಂತ ನಾನು ಕೇಳಲಿಲ್ಲ. ಹೆದರಿಕೆ ನನಗೂ ಇತ್ತು.

ಯಹೂದಿಗಳ ವಾರದ ರಜ ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗಿ ಶನಿವಾರ ಮೂರು ನಕ್ಷತ್ರ ಕಂಡಾಗ ಮುಗಿಯುತ್ತೆ. ಆ ಮುಗಿಯುವ ಗಳಿಗೆಗೆ ಒಂದು ಸಣ್ಣ ಪೂಜೆ, ಹವ್ದಾಲಾ ಅಂತ. ಅದು ಮನೆಯೊಳಗೆ ಮಾಡುವಂಥದ್ದು. ಇವರು ಅದನ್ನು ಬೀದಿಗೆ ತಂದಿದ್ದರು. ಡಿಸೆಂಬರಿನಲ್ಲಿ ಐದು ಗಂಟೆಗೇ ಗವ್ವನೆ ಕತ್ತಲು. ಬರ್ಮಿಂಗ್‌ಹ್ಯಾಮಿನ ಮೋಡದಲ್ಲಿ ನಕ್ಷತ್ರ ಎಲ್ಲಿಂದ ಬರಬೇಕು, ಫೋನಿನಲ್ಲಿ ಹೊತ್ತು ನೋಡಿಕೊಂಡು ಶುರು ಮಾಡಿದರು. ಜಡೆ ಹೆಣೆದ ಹಾಗೆ ಹೆಣೆದ ದಪ್ಪ ಮೇಣದಬತ್ತಿ, ತುಂಬಿ ತುಳುಕುವ ಒಂದು ಲೋಟ ದ್ರಾಕ್ಷಾರಸ, ಒಂದು ಬೆಳ್ಳಿ ಡಬ್ಬಿಯಲ್ಲಿ ಲವಂಗ. ಗಾಳಿಗೆ ಬತ್ತಿ ಮೂರು ಸಲ ಆರಿತು. ಕೊನೆಗೆ ಇಬ್ಬರು ಛತ್ರಿ ಅಡ್ಡ ಹಿಡಿದರು. ಒಳಗಿನ ಸೆಕ್ಯೂರಿಟಿಯವನು ಗಾಜಿನ ಹಿಂದೆ ಬಂದು ಸ್ವಲ್ಪ ಹೊತ್ತು ನೋಡಿ, ಗದರಿಸುತ್ತಾನೆ ಅಂತ ನಾನು ಅಂದುಕೊಂಡರೆ, ಲಾಬಿಯ ದೊಡ್ಡ ದೀಪ ಹಾಕಿ ಹೋದ. ಪುಸ್ತಕದ ಅಕ್ಷರ ಕಾಣುವಂತಾಯಿತು.

ಲವಂಗದ ಡಬ್ಬಿ ಕೈಯಿಂದ ಕೈಗೆ ಬಂತು. ರಜದ ದಿನ ಹೊರಟುಹೋಗುವಾಗ ಜೀವಕ್ಕೆ ಸಂಕಟ ಆಗುತ್ತೆ, ಅದಕ್ಕೆ ಸಮಾಧಾನಕ್ಕೆ ಇದರ ಪರಿಮಳ ಅಂತ ರೂತ್ ಕಿವಿಯಲ್ಲಿ ಹೇಳಿದಳು. ನಾನು ಮೂಸಿ ನೋಡಿದೆ. ಅಮ್ಮನ ಅಡುಗೆಮನೆ, ನಮ್ಮ ಬೀದಿಯ ಬೀಡಾ ಅಂಗಡಿ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಸಮಾಧಾನ ಅಂತೂ ಆಗಲಿಲ್ಲ.

ಆಮೇಲೆ ಒಳಗಿರುವವರ ಹೆಸರು ಹೇಳುವುದು. ಯಾರ ಮನೆಯವರು ಕೇಳಿಕೊಂಡಿದ್ದಾರೋ ಅವರದ್ದು, ಬರೀ ಹೆಸರು. ರೂತ್ ನನ್ನ ಕಡೆ ತಿರುಗಿದಳು. "ನಸೀಮಾ," ಅಂದೆ. ಅವರೆಲ್ಲ ಒಟ್ಟಿಗೆ "ನಸೀಮಾ" ಅಂದರು. ಅವಳ ಹೆಸರನ್ನು ಅಷ್ಟು ಜನ ಅಪರಿಚಿತರು ಅಷ್ಟು ಜೋಪಾನವಾಗಿ ಹೇಳಿದ್ದು ನೋಡಿ ಅಳು ಬಂತು, ನನ್ನ ಮೇಲೆ ನನಗೇ ಹೇಸಿಗೆಯೂ ಬಂತು.

ಮುಂದಿನ ವಾರ ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಶುಂಠಿ ಚಹಾ ಮಾಡಿಕೊಂಡು ಹೋದೆ. ಎಷ್ಟು ಕಪ್ ಬೇಕು ಅಂತ ತಲೆ ಎಣಿಸತೊಡಗಿದೆ, ಬೆರಳು ಮಾಡಿ, ಒನ್, ಟೂ, ತ್ರೀ ಅಂತ. ಪಕ್ಕದಲ್ಲಿ ಲಿಯೋನಾರ್ಡ್ ಅಂತ ಒಬ್ಬರು, ಎಂಬತ್ತು ದಾಟಿದವರು, ಮೆಲ್ಲಗೆ ನನ್ನ ಬೆರಳು ಕೆಳಗಿಳಿಸಿದರು.

"ನಾವು ಮನುಷ್ಯರನ್ನು ಎಣಿಸಲ್ಲ," ಅಂದರು.

"ಮತ್ತೆ ಕಪ್ಪು?"

"ಒಂದಲ್ಲ, ಎರಡಲ್ಲ, ಮೂರಲ್ಲ ಅಂತ ಎಣಿಸಿ. ನಮ್ಮಮ್ಮ ಹಾಗೇ ಎಣಿಸೋಳು. ಆಗ ಎಣಿಸಿದ ಹಾಗೂ ಆಯಿತು, ಎಣಿಸದ ಹಾಗೂ ಆಯಿತು."

ನನಗೆ ನಗು ಬಂತು. ನಮ್ಮಜ್ಜಿಯೂ ಪಂಕ್ತಿಯಲ್ಲಿ ಕೂತ ಮಕ್ಕಳನ್ನು ಎಣಿಸಲು ಬಿಡುತ್ತಿರಲಿಲ್ಲ, ದೃಷ್ಟಿ ಆಗುತ್ತೆ ಅನ್ನೋಳು. ಎಲೆ ಎಣಿಸು, ಮಕ್ಕಳನ್ನು ಎಣಿಸಬೇಡ ಅನ್ನೋಳು. ಅದನ್ನು ಹೇಳಿದೆ. ಲಿಯೋನಾರ್ಡ್‌ಗೆ ಬಲು ಖುಷಿಯಾಯಿತು. ಅವತ್ತು ಅವರು ತಮ್ಮಪ್ಪನ ವಿಷಯ ಹೇಳಿದರು. ಹಿಟ್ಲರನಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದರಂತೆ. ಯುದ್ಧ ಶುರುವಾದ ಮೇಲೆ ಇಲ್ಲಿಯವರೇ, ನೀನು ಜರ್ಮನಿಯವನು, ಶತ್ರು ದೇಶದವನು ಅಂತ ಹಿಡಿದು ಒಂದು ದ್ವೀಪದಲ್ಲಿ ತಂತಿಬೇಲಿ ಹಿಂದೆ ಇಟ್ಟರಂತೆ. ಹೊರಗೆ ಬಂದಮೇಲೆ ಆ ಮನುಷ್ಯ ಸಾಯುವ ತನಕ ಒಂದು ಕಾಗದ ಎಸೆಯಲಿಲ್ಲ, ಬಸ್ ಟಿಕೆಟ್ ಕೂಡ. ನಾಳೆ ಯಾರಾದರೂ ಕೇಳಿದರೆ ಅಂತ. ನನಗೆ ಆ ಮಾತು ಎದೆಗೇ ಬಂದು ನಾಟಿತು. ಅವತ್ತೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ನಸೀಮಾಳನ್ನು ಲೀಡ್ಸ್ ದಾಟಿ ಇನ್ನೂ ಉತ್ತರಕ್ಕೆ, ಎಲ್ಲೋ ಹೆಂಗಸರನ್ನು ಇಡುವ ಜಾಗಕ್ಕೆ ಕಳಿಸಿದ್ದರು. ಕ್ಯಾಮೆರಾ ಇಲ್ಲದ ಒಂದು ಸಣ್ಣ ಫೋನ್ ಕೊಟ್ಟಿದ್ದರು. ದಿನಾ ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ಮಾಡೋಳು. ಚಲೋ ಅದೀನ್ರಿ ಅಂತಲೇ ಶುರು. ಒಂದು ದಿನ ಅವರ ದಿನಚರಿ ಹೇಳುತ್ತ, "ದಿನಾ ನಾಕ ಸಲ ಎಣಸ್ತಾರ್ರಿ ಅಕ್ಕ. ರೂಮಿನ ಬಾಗಲಕ ಬಂದು ನಿಂದರಬೇಕು. ನಾನೂ ಮುದುಕರ ಮನ್ಯಾಗ ಮಾತ್ರಿ ಎಣಿಸಿದಾಕಿನ, ಆದ್ರ ಹಿಂಗ ಯಾರರ ನನ್ನ ಎಣಸ್ತಾರ ಅಂತ ಅನಕೊಂಡಿದ್ದಿಲ್ಲ," ಅಂದಳು. ನಾನು ಲಿಯೋನಾರ್ಡ್ ಹೇಳಿದ್ದನ್ನು ಅವಳಿಗೆ ಹೇಳಿದೆ. ಅದಾದಮೇಲೆ ಫೋನ್ ಮಾಡಿದಾಗಲೆಲ್ಲ, "ಇವತ್ತೂ ನಾ ಒಂದಲ್ರಿ ಅಕ್ಕ," ಅಂತ ನಗೋಳು. ನನಗೆ ನಗಲು ಆಗುತ್ತಿರಲಿಲ್ಲ.

ಆ ಚಳಿಗಾಲ ನನಗೆ ಆದಷ್ಟು ಸುಸ್ತು ಹೆರಿಗೆಯಲ್ಲೂ ಆಗಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಲ್ಯಾಬು, ಮಧ್ಯೆ ಮಧ್ಯೆ ವಕೀಲರಿಗೆ ಈಮೇಲು, ವೃದ್ಧಾಶ್ರಮದ ಮ್ಯಾನೇಜರಿಗೆ ಫೋನು, ಶನಿವಾರ ಪ್ರಾರ್ಥನೆ. ಒಂದು ಭಾನುವಾರ ಅವಳನ್ನು ನೋಡಲು ಎರಡು ರೈಲು, ಒಂದು ಬಸ್ಸು, ಒಂದು ಟ್ಯಾಕ್ಸಿ ಹಿಡಿದು ಹೋದೆ. ಲೀಡ್ಸ್ ಸ್ಟೇಷನ್ನಿನಲ್ಲಿ ಅನಿಕೇತ್ ಕಾಫಿ ಹಿಡಿದುಕೊಂಡು ನಿಂತಿದ್ದ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ, "ಮಮ್, ಯೂ ಲುಕ್ ಟೆರಿಬಲ್," ಅಂದು ನನ್ನ ಬ್ಯಾಗು ತಾನೇ ತಗೊಂಡ. ಮುಂದಿನ ರೈಲಿನ ತನಕ ಪಕ್ಕದಲ್ಲೇ ಕೂತಿದ್ದ.

ಅಲ್ಲಿ ಅವಳನ್ನು ನೋಡಿದರೆ ಕೆನ್ನೆ ಒಳಗೆ ಹೋಗಿತ್ತು. ಆದರೂ ತಾನೇ ಮನೆ ಯಜಮಾನಿ ಥರ, ಕೂಡ್ರಿ ಅಕ್ಕ, ಏನರ ತಿಂದೀರೇನು, ಜ್ವಾಳದ ಹಿಟ್ಟಿಗೆ ಹುಳ ಬಿದ್ದಾವೇನ ನೋಡ್ರಿ ಅಂತ ಒಂದೇ ಸಮ ಮಾತಾಡಿದಳು. ಪಾಸ್‌ಪೋರ್ಟಿನ ಹೆಸರೆತ್ತಲಿಲ್ಲ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂತ ನಾನು ಒಂದು ಗಂಟೆ ಕೂತಿದ್ದೆ. ಹೊತ್ತಾಯಿತು ಅಂದರು. ಎದ್ದು ಬಂದೆ.

ಐದನೇ ಶನಿವಾರದ ಹಿಂದಿನ ದಿನ ಜಾಮೀನಿನ ವಿಚಾರಣೆ. ಎಲ್ಲ ವಿಡಿಯೋದಲ್ಲಿ, ನಾನು ವಕೀಲರ ಆಫೀಸಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ನಮ್ಮ ಮನೆಯಲ್ಲೇ ಇರುತ್ತಾಳೆ, ಎಲ್ಲಿಗೂ ಓಡಿ ಹೋಗಲ್ಲ, ನಾನು ಜವಾಬ್ದಾರಿ ಅಂದೆ. ನ್ಯಾಯಾಧೀಶರು ಒಳ್ಳೆಯ ಮನುಷ್ಯರ ಹಾಗೇ ಕಂಡರು. ನನಗೆ ಧನ್ಯವಾದ ಹೇಳಿದರು. ಆಮೇಲೆ ತೀರ್ಪು ಓದಿದರು: ಅರ್ಜಿದಾರರ ಪಾಸ್‌ಪೋರ್ಟ್ ಇಲಾಖೆಯ ಕೈಯಲ್ಲಿದೆ, ಎರಡು ವಾರದೊಳಗೆ ವಿಮಾನ ಗೊತ್ತುಪಡಿಸಲಾಗಿದೆ, ಆದ್ದರಿಂದ ಬಿಡುಗಡೆಗೆ ಕಾರಣವಿಲ್ಲ. ಪರದೆಯ ಒಂದು ಮೂಲೆಯಲ್ಲಿ ನಸೀಮಾಳ ಮುಖ ಅಂಗೈಯಷ್ಟೇ ಕಾಣುತ್ತಿತ್ತು. ತಲೆಯ ಮೇಲಿನ ದುಪಟ್ಟಾ ಸರಿ ಮಾಡಿಕೊಂಡು, "ಥ್ಯಾಂಕ್ಯೂ ಸರ್," ಅಂದಳು. ಮರ್ಯಾದೆಯಾಗಿ ಮಾತಾಡು ಅಂತ ನಾನೇ ಹೇಳಿಕೊಟ್ಟಿದ್ದೆ.

ಜನವರಿ ಮಧ್ಯದ ಒಂದು ಗುರುವಾರ ಅವಳನ್ನು ಕಳಿಸಿದರು. ಹದಿಮೂರು ದಿನದ ಮೇಲೆ ವೃದ್ಧಾಶ್ರಮದ ಮ್ಯಾನೇಜರು ಫೋನ್ ಮಾಡಿ, ಸರ್ಟಿಫಿಕೇಟ್ ಬಂದಿದೆ, ಏನು ಮಾಡಲಿ ಅಂತ ಕೇಳಿದಳು.

ಅದು ಆಮೇಲಿನ ಮಾತು. ಕಳಿಸಿದ ಮೂರನೇ ದಿನ ಶನಿವಾರ, ನನ್ನ ಏಳನೇ ಶನಿವಾರ. ಹೋಗುವುದು ಬೇಡ ಅಂದುಕೊಂಡೇ ಚಹಾ ಕಾಯಿಸಿದೆ, ಬೇಡ ಅಂದುಕೊಂಡೇ ಬಸ್ಸು ಹತ್ತಿದೆ. ತುಂತುರು ಮಳೆ. ಥರ್ಮಾಸಿನ ಮುಚ್ಚಳ ಸರಿಯಾಗಿ ಕೂರದೆ ಕೋಟೆಲ್ಲ ಚಹಾ. ಬತ್ತಿ ಹಚ್ಚಿದರು, ಎಲ್ಲರೂ ಕೈ ಚಾಚಿ ಉಗುರಿನ ಮೇಲೆ ಬೆಳಕು ಬೀಳುವುದನ್ನು ನೋಡಿಕೊಂಡರು, ಅದು ಅವರ ಪದ್ಧತಿ. ಹೆಸರು ಹೇಳುವ ಸರದಿ ಬಂತು. ನನ್ನ ಹತ್ತಿರ ಹೇಳಲು ಹೆಸರಿರಲಿಲ್ಲ. ಅವಳು ಆಗಲೇ ವಿಜಯಪುರದಲ್ಲಿದ್ದಳು. ನಾನು ಹೆಸರಿನ ಬದಲು, "ಆ ಪಾಸ್‌ಪೋರ್ಟ್ ಫೈಲಿಗೆ ಹಾಕಿದ್ದು ನಾನು," ಅಂದೆ.

ಸರಿಯಾಗಿ ಅದೇ ಹೊತ್ತಿಗೆ ಬಸ್ಸೊಂದು ನೀರೆರಚಿಕೊಂಡು ಹೋಯಿತು. ಯಾರಿಗೂ ಕೇಳಿಸಲಿಲ್ಲ. "ಏನಂದೆ ಬ್ಯಾಬ್?" ಅಂದಳು ರೂತ್. ಒಂದು ಸಲ ಹೇಳಲು ಏಳು ವಾರ ಬೇಕಾಗಿತ್ತು, ಈಗ ಎರಡನೇ ಸಲ ಹೇಳಬೇಕಾಯಿತು. ಹೇಳಿದೆ. ನಸೀಮಾ ಬೇಡ ಅಂದಳು, ನಾನು ಬಲವಂತ ಮಾಡಿ ಇಸಿದುಕೊಂಡು ನನ್ನ ಕೈಯಿಂದಲೇ ಹಾಕಿದೆ, ವಕೀಲರಿಗೂ ಸುಳ್ಳು ಹೇಳಿದೆ, ನಿಮಗೂ ಹೇಳಲಿಲ್ಲ, ಅದಿಲ್ಲದಿದ್ದರೆ ಅವಳು ಇವತ್ತು ಇಲ್ಲೇ ಇರುತ್ತಿದ್ದಳು ಅಂದೆ.

ನಿನ್ನ ತಪ್ಪಲ್ಲ ಅಂತ ಯಾರೂ ಅನ್ನಲಿಲ್ಲ. ಅಂದಿದ್ದರೆ ನಾನು ಅಲ್ಲಿಂದ ಹೊರಟು ಬರುತ್ತಿದ್ದೆ. ಲಿಯೋನಾರ್ಡ್, "ವರ್ಷಕ್ಕೊಂದು ದಿನ ನಾವೆಲ್ಲ ಸೇರಿ ತಪ್ಪೊಪ್ಪಿಕೊಳ್ತೀವಿ. ಯಾರೋ ಒಬ್ಬರು ಮಾಡಿದ್ದನ್ನೂ ಎಲ್ಲರೂ ಎದೆ ಮುಟ್ಟಿಕೊಂಡು, ನಾವು ಮಾಡಿದೆವು ಅಂತಲೇ ಹೇಳೋದು," ಅಂದರು. ಅಂದು, ಮುಷ್ಟಿಯಿಂದ ತಮ್ಮ ಎದೆಗೆ ಮೆಲ್ಲಗೆ ಒಂದು ಸಲ ಹೊಡೆದುಕೊಂಡರು. ರೂತ್ ಹೊಡೆದುಕೊಂಡಳು. ಮಿಕ್ಕವರೂ ಹೊಡೆದುಕೊಂಡರು. ದೊಡ್ಡ ಮನಸ್ಸಿನ ಜನ. ಆದರೂ ಕೈ ನನ್ನದೇ ಅಲ್ಲವಾ ಅಂತ ನನಗೆ ಅನಿಸುತ್ತಲೇ ಇತ್ತು. ಮಳೆ ಜೋರಾಯಿತು. ಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಆರಿಸಿ, ಒಳ್ಳೆಯ ವಾರವಾಗಲಿ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಚದುರಿದೆವು.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಒಂದು ಧೈರ್ಯವೂ ಇತ್ತು. ಅಷ್ಟು ಜನರ ಮುಂದೆ ಹೇಳಿದ ಮೇಲೆ ಅವಳಿಗೆ ಹೇಳಲು ಏನು ಕಷ್ಟ, ಇವತ್ತೇ ಹೇಳಿ ಕ್ಷಮೆ ಕೇಳುತ್ತೇನೆ ಅಂತ ಫೋನ್ ಮಾಡಿದೆ. ಎತ್ತಿದ್ದು ಅವಳ ತಾಯಿ. ಅಂಗನವಾಡಿ ಟೀಚರು, ಒಂದೆರಡು ಸಲ ಮಾತಾಡಿದ್ದೆ.

"ಮಲಗ್ಯಾಳ್ರಿ ಅಕ್ಕಾರ. ಬಂದಾಗಿಂದ ಬರೇ ನಿದ್ದಿ. ಎಬ್ಬಿಸಲೇನು?"

ಬೇಡ ಬೇಡ, ಮಲಗಲಿ ಬಿಡಿ ಅಂದೆ. ಆಕೆಗೇ ಹೇಳಿಬಿಡೋಣ ಅಂತ, "ಅಮ್ಮಾ, ಒಂದು ಮಾತು. ಆ ಪಾಸ್‌ಪೋರ್ಟು…" ಅಂತ ಶುರು ಮಾಡಿದೆ.

"ಅದನ್ನ ಹೇಳಬೇಕಂತ ಮಾಡಿದ್ನಿರಿ ನಾನೂ. ಆಕಿ ಎಲ್ಲಾ ಹೇಳ್ಯಾಳ್ರಿ. ನಾ ಬ್ಯಾಡ ಅಂದ್ರೂ ಪದ್ಮಕ್ಕ ನೆನಪ ಮಾಡಿ ಪಾಸ್‌ಪೋರ್ಟ್ ಕೊಟ್ಟು ಕಳಿಸಿದ್ರು ಅಂತ. ಅಲ್ಲಿ ಆಕಿ ರೂಮಿನ್ಯಾಗ ಒಬ್ಬಾಕಿ ಪಾಸ್‌ಪೋರ್ಟ್ ಇಲ್ಲದ ಎಂಟ ತಿಂಗಳಿಂದ ಒಳಗ ಬಿದ್ದಾಳಂತಲ್ರಿ. ನೀವು ಅಷ್ಟ ಜ್ವಾಕಿ ಮಾಡದಿದ್ರ ನನ್ನ ಮಗಳೂ ಹಂಗ ಬೀಳ್ತಿದ್ಲು. ನೀವ ಆಕಿನ ಬಿಡಿಸಿ ನನ್ನ ಮುಂದ ತಂದ ನಿಲ್ಲಿಸಿದ್ರಿ. ನಿಮ್ಮ ಉಪಕಾರ ನಾ ಸಾಯೂ ತನಕ ಮರೆಯಂಗಿಲ್ಲರಿ," ಅಂದರು. ಅಳುತ್ತಿದ್ದರು.

ನಾನು ಹೂಂ ಅಂದೆ. ಹುಷಾರಾಗಿ ನೋಡಿಕೊಳ್ಳಿ ಅಂದೆ. ಫೋನಿಟ್ಟೆ.

ಎರಡು ವರ್ಷ ಆಯಿತು. ನಸೀಮಾ ಅಲ್ಲೇ ಒಂದು ಆಸ್ಪತ್ರೆಯಲ್ಲಿದ್ದಾಳೆ, ಸಂಬಳ ಕಡಿಮೆ ಅಂತಾಳೆ. ಹಬ್ಬಕ್ಕೆ ಹುಣ್ಣಿಮೆಗೆ ಫೋನ್ ಮಾಡುತ್ತೇವೆ. ಆ ಮಾತು ಅವಳೂ ಎತ್ತಲ್ಲ, ನಾನೂ ಎತ್ತಿಲ್ಲ. ಮಳೆಯಲ್ಲಿ ನಿಂತು ಅಪರಿಚಿತರ ಮುಂದೆ ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ಆ ತಾಯಿಗೆ ಕನ್ನಡದಲ್ಲಿ ಒಂದು ಸಲ ಹೇಳಲು ನನ್ನಿಂದ ಇವತ್ತಿನವರೆಗೂ ಆಗಿಲ್ಲ. ಆಕೆ ಈಗಲೂ ಐದು ಹೊತ್ತಿನ ನಮಾಜಿನಲ್ಲೂ ನನಗೆ ಒಳ್ಳೆಯದಾಗಲಿ ಅಂತ ಕೇಳಿಕೊಳ್ಳುತ್ತಾರಂತೆ.